ಅಪ್‌ಡೇಟ್: ಆ ‘ಸ್ಯಾಡ್’ಗೆ ಅರ್ಥ ಸಿಕ್ಕಿತು

ಹೋದ ವಾರ ಕೇಳಿದ್ದೆ: ಷೇಕ್ಸ್‌ಪಿಯರ್‌ನ ‘ಆ್ಯಸ್ ಯೂ ಲೈಕ್ ಇಟ್’ ನಾಟಕದಲ್ಲಿ ರೋಸಲಿಂಡ್, ತಮಾಷೆ ಸಾಕು ಎಂದು ಸೀಲಿಯಾಗೆ ಹೇಳುವಾಗ ‘ಸ್ಯಾಡ್ ಬ್ರೌ’ (ಬ್ರೌ ಅಂದರೆ ಹಣೆ) ಅಂತಾಳಲ್ಲ, ಅಲ್ಲಿ ದುಃಖ ಎಲ್ಲಿದೆ ಅಂತ. ಉತ್ತರಿಸಿದವರಿಗೆಲ್ಲ ಶರಣು.

ಅದು ದುಃಖವೇ ಅಲ್ಲ, ಗಂಭೀರ. ಹಳೆಯ ಇಂಗ್ಲಿಷಿನಲ್ಲಂತೂ ಸ್ಯಾಡ್ ಅಂದರೆ ಹೊಟ್ಟೆ ತುಂಬಿದ, ತೃಪ್ತಿಯಾದ! ತುಂಬಿದ್ದು ಭಾರವಾಯಿತು, ಭಾರವಾದದ್ದು ಸ್ಥಿರ, ಗಂಭೀರ, ಆಮೇಲೆ ದುಃಖ. ನಮ್ಮ ದಾವಣಗೆರೆ ಕಡೆ ‘ಮನಸ್ಸು ಭಾರ ಆತು’ ಅಂತೀವಲ್ಲ, ಅದೇ ದಾರಿ. ಇದು ಹೊಳೆದಾಗ ಮೈ ಜುಮ್ಮೆಂದಿತು.

ನನ್ನ ಅನುವಾದದಲ್ಲಿ ‘ದುಃಖದ ಹಣೆ’ ಎಂದಿದ್ದನ್ನು ಹೊಡೆದುಹಾಕಿ, ‘ನಗು ಬಿಟ್ಟು ನಿಜ ಹೇಳೇ’ ಎಂದು ಬರೆದೆ. ಕಾಲೇಜಿನ ಮೇಡಂ ಓದಿ, ಈಗ ರೋಸಲಿಂಡ್ ಕನ್ನಡ ಮಾತಾಡ್ತಿದ್ದಾಳೆ ಅಂದರು.