ಐದು ವರ್ಷ ತುಂಬಿದ ಮೇಲೂ ಹಾರ್ಮೋನ್ ಮಾತ್ರೆ: ಮುಂದುವರಿಸುವುದೋ, ನಿಲ್ಲಿಸುವುದೋ?

ಪ್ರಶ್ನೆ – ಸೋಮವಾರಪೇಟೆ ಕಡೆಯಿಂದ

ಎಲ್ಲರಿಗೂ ನಮಸ್ಕಾರ. ನನಗೆ 58 ವರ್ಷ. ಸ್ತನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ, ಕಿಮೋ, ರೇಡಿಯೇಶನ್ ಎಲ್ಲವೂ ಮೈಸೂರಿನಲ್ಲಿ ಆದವು. ಕಂಕುಳಿನ ಎರಡು ಗ್ರಂಥಿಗಳಿಗೆ ರೋಗ ಹರಡಿತ್ತು. ಈಸ್ಟ್ರೋಜೆನ್ ರಿಸೆಪ್ಟರ್ ಪಾಸಿಟಿವ್ (ಅಂದರೆ ಈಸ್ಟ್ರೋಜೆನ್ ಹಾರ್ಮೋನಿನಿಂದ ಬೆಳೆಯುವ ಬಗೆ) ಎಂದು ವರದಿ ಬಂದಿದ್ದರಿಂದ ಅಂದಿನಿಂದ ದಿನಕ್ಕೊಂದು ಲೆಟ್ರೋಜೋಲ್ ಎಂಬ ಹಾರ್ಮೋನ್ ಚಿಕಿತ್ಸೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಇನ್ನು ಸ್ವಲ್ಪ ದಿನದಲ್ಲಿ ಐದು ವರ್ಷ ತುಂಬುತ್ತದೆ. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ಕಳೆದ ಸಲ ಹೋದಾಗ ಡಾಕ್ಟರು ಇನ್ನೂ ಕೆಲವು ವರ್ಷ ಮುಂದುವರಿಸುವುದು ಒಳ್ಳೆಯದು ಎಂದರು.

ಬೆಳಗ್ಗೆ ಎದ್ದಾಗ ಕೈಬೆರಳುಗಳು ಮಡಚುವುದಿಲ್ಲ, ಕುಕ್ಕರಿನ ಮುಚ್ಚಳ ತೆಗೆಯಲು ಮಗನನ್ನು ಕರೆಯಬೇಕು. ಕಾಫಿ ಕೊಯ್ಲಿನ ಸಮಯದಲ್ಲಿ ಕೆಲಸದವರ ಜೊತೆ ನಿಂತು ಹಣ್ಣು ಬಿಡಿಸುತ್ತಿದ್ದವಳು ನಾನು, ಈಗ ಒಂದು ಗಿಡ ಮುಗಿಸುವಷ್ಟರಲ್ಲಿ ಹೆಬ್ಬೆರಳಿನ ಬುಡ ನೋಯಲು ಶುರುವಾಗುತ್ತದೆ. ಮಳೆಗಾಲದಲ್ಲಂತೂ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಇಳಿಯುವುದೇ ಕಷ್ಟ. ರೋಗ ಮರಳಿ ಬರಬಾರದೆಂಬ ಭಯ ಒಂದು ಕಡೆ, ಈ ನೋವು ಇನ್ನೊಂದು ಕಡೆ. ಐದು ವರ್ಷದ ಆಚೆಗೂ ಮಾತ್ರೆ ತೆಗೆದುಕೊಂಡವರು, ಇದರ ಬಗ್ಗೆ ತಿಳಿದವರು ದಯವಿಟ್ಟು ಹೇಳಿ.

ಉತ್ತರ 1 – ವಿರಾಜಪೇಟೆಯಿಂದ

ಅಕ್ಕಾ, ನಿಮ್ಮ ಬೆರಳಿನ ವಿಷಯ ಓದಿದಾಗ ನನ್ನದೇ ಕಥೆ ಅನಿಸಿತು. ನನಗೂ ಲೆಟ್ರೋಜೋಲ್ ಇತ್ತು, ನೋವು ತಡೆಯಲಾಗದೆ ಡಾಕ್ಟರಿಗೆ ಹೇಳಿದಾಗ ಕೆಲವು ವಾರ ಮಾತ್ರೆ ನಿಲ್ಲಿಸಿ, ನಂತರ ಎಕ್ಸೆಮೆಸ್ಟೇನ್‌ಗೆ ಬದಲಾಯಿಸಿದರು. ಮೂರೂ ಒಂದೇ ಗುಂಪಿನ ಔಷಧಿಗಳಾದರೂ (ಮೂರನೆಯದು ಅನಾಸ್ಟ್ರೋಜೋಲ್) ಒಂದು ಒಗ್ಗದಿದ್ದರೆ ಇನ್ನೊಂದು ಒಗ್ಗಬಹುದು. ನನಗೆ ನೋವು ಪೂರ್ತಿ ಹೋಗಲಿಲ್ಲ, ಆದರೆ ಅಡುಗೆ ಕೆಲಸ ಮಾಡಿಕೊಳ್ಳುವಷ್ಟಾಗಿದೆ. ಡಾಕ್ಟರಿಗೆ ಹೇಳದೆ ಮಾತ್ರ ನಿಲ್ಲಿಸಬೇಡಿ. ನನಗೆ ಪರಿಚಯದ ಒಬ್ಬರು ಮನೆಯವರಿಗೂ ತಿಳಿಸದೆ ನಿಲ್ಲಿಸಿಬಿಟ್ಟಿದ್ದರು, ಪಾಪ, ಅವರ ನೋವನ್ನು ಯಾರೂ ಕೇಳಿರಲೇ ಇಲ್ಲ.

ಉತ್ತರ 2 – ಕುಶಾಲನಗರದಿಂದ, ನಿವೃತ್ತ ನರ್ಸ್

ನಾನು ಹಲವು ವರ್ಷ ಕ್ಯಾನ್ಸರ್ ವಾರ್ಡಿನಲ್ಲಿ ಕೆಲಸ ಮಾಡಿದವಳು. ನಿರ್ಧಾರ ನಿಮ್ಮ ಡಾಕ್ಟರ ಜೊತೆ ಕುಳಿತೇ ಆಗಬೇಕು. ಹಾಗೆ ಕುಳಿತಾಗ ಏನು ಕೇಳಬೇಕು ಎಂಬುದು ಗೊತ್ತಿರಲಿ ಎಂದು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಹಾರ್ಮೋನನ್ನು ಅವಲಂಬಿಸಿ ಬೆಳೆಯುವ ಈ ಬಗೆಯ ಕ್ಯಾನ್ಸರ್ ಐದು ವರ್ಷ ಕಳೆದ ಮೇಲೂ ಮರಳಬಹುದು, ಡಾಕ್ಟರು ಮುಂದುವರಿಸಿ ಎನ್ನುವುದು ಅದಕ್ಕಾಗಿ. 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಐದು ವರ್ಷಕ್ಕೆ ಮಾತ್ರೆ ನಿಲ್ಲಿಸಿದವರಲ್ಲಿ ಗೆಡ್ಡೆ ಚಿಕ್ಕದಿದ್ದು ಒಂದರಿಂದ ಮೂರು ಗ್ರಂಥಿಗಳಿಗೆ ಹರಡಿದ್ದವರಿಗೆ, ರೋಗ ಪತ್ತೆಯಾಗಿ ಇಪ್ಪತ್ತು ವರ್ಷ ತುಂಬುವುದರೊಳಗೆ ದೇಹದ ಬೇರೆ ಭಾಗದಲ್ಲಿ ರೋಗ ಕಾಣಿಸಿಕೊಳ್ಳುವ ಸಾಧ್ಯತೆ ಸುಮಾರು ಶೇ. 20 ಇತ್ತು, ಗ್ರಂಥಿಗೆ ಹರಡದಿದ್ದವರಲ್ಲಿ ಅದು ಶೇ. 13. ಅವರೆಲ್ಲ ಹಿಂದಿನ ಕಾಲದ ಚಿಕಿತ್ಸೆ ಪಡೆದವರು ಎಂಬುದು ನೆನಪಿರಲಿ. ಆದರೂ ನಿಮ್ಮ ಎರಡು ಗ್ರಂಥಿಗಳ ಕಾರಣದಿಂದ ಡಾಕ್ಟರು ಮುಂದುವರಿಸಲು ಹೇಳಿರಬೇಕು.

ಆದರೆ ಎಷ್ಟು ವರ್ಷ ಎಂಬುದನ್ನು ಖಂಡಿತ ಕೇಳಿ. ಐದು ವರ್ಷ ಹಾರ್ಮೋನ್ ಚಿಕಿತ್ಸೆ ಮುಗಿಸಿದವರಿಗೆ ಅನಾಸ್ಟ್ರೋಜೋಲನ್ನು ಇನ್ನೆರಡು ವರ್ಷ ಕೊಟ್ಟರೂ, ಇನ್ನೈದು ವರ್ಷ ಕೊಟ್ಟರೂ ರೋಗ ಮರಳುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ, ಹೆಚ್ಚು ಕಾಲ ತೆಗೆದುಕೊಂಡವರಲ್ಲಿ ಮೂಳೆ ಮುರಿತ ಮಾತ್ರ ಹೆಚ್ಚಾಯಿತು ಎಂದು ಆಸ್ಟ್ರಿಯಾದ ಅಧ್ಯಯನವೊಂದು 2021ರಲ್ಲಿ ತೋರಿಸಿದೆ. ಹಾಗಾಗಿ "ಹತ್ತು ವರ್ಷ" ಎಂದು ಕೇಳಿ ಧೈರ್ಯ ಕಳೆದುಕೊಳ್ಳಬೇಡಿ. ಒಟ್ಟು ಏಳು ವರ್ಷ ಸಾಕಾಗಬಹುದೇ ಎಂದು ಧಾರಾಳವಾಗಿ ಕೇಳಬಹುದು. ಗ್ರಂಥಿಗೆ ಹರಡಿದ್ದವರ ಮೇಲೆಯೇ ನಡೆದ ಮತ್ತೊಂದು ಅಧ್ಯಯನದಲ್ಲಿ, ಲೆಟ್ರೋಜೋಲನ್ನು ಒಂಬತ್ತು ತಿಂಗಳು ಕೊಟ್ಟು ಮೂರು ತಿಂಗಳು ಬಿಡುವು ನೀಡಿದರೂ ಫಲಿತಾಂಶ ಕೆಟ್ಟಿರಲಿಲ್ಲ. ಬಿಡುವು ಬೇಕೆನಿಸಿದರೆ ಅದನ್ನೂ ಚರ್ಚಿಸಿ, ಡಾಕ್ಟರ ಗಮನದಲ್ಲೇ ಆಗಲಿ.

ನೋವಿಗೆ ಮುಖ್ಯ ಉಪಾಯ ನಡಿಗೆ. ನೋಯುವಾಗ ನಡೆಯಿರಿ ಎನ್ನುವುದು ಕ್ರೂರವೆನಿಸಬಹುದು. ಆದರೆ ವಾರಕ್ಕೆ 150 ನಿಮಿಷ ಚುರುಕು ನಡಿಗೆ ಮತ್ತು ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಮಾಡಿದವರಲ್ಲಿ ಈ ಕೀಲುನೋವು ಸ್ಪಷ್ಟವಾಗಿ ಇಳಿದಿದೆ. ಜಡಿಮಳೆಯಲ್ಲಿ ಹೊರಗೆ ಹೋಗಲಾಗದಿದ್ದರೆ ಮನೆಯ ವರಾಂಡದಲ್ಲೇ ನಡೆಯಿರಿ. ಬೆಳಗ್ಗೆ ಬಿಸಿನೀರಿನಲ್ಲಿ ಕೈ ಅದ್ದಿ, ಬೆರಳುಗಳನ್ನು ಮೆಲ್ಲಗೆ ಮಡಚಿ ಬಿಡಿಸಿದರೆ ಬಿಗಿತ ಸಡಿಲವಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ಡುಲೋಕ್ಸಿಟಿನ್ ಎಂಬ ಮಾತ್ರೆ ಕೆಲವರಿಗೆ ಸಹಾಯ ಮಾಡುತ್ತದೆ.

ಮೂಳೆ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್ ಯಾವಾಗ ಮಾಡಿಸಿದ್ದೀರಿ? ಎರಡು ವರ್ಷದ ಮೇಲಾಗಿದ್ದರೆ, ಮುಂದುವರಿಸುವ ಮೊದಲು ಮಾಡಿಸಿ. ನಮ್ಮ ಕೊಡಗಿನಲ್ಲಿ ತಿಂಗಳುಗಟ್ಟಲೆ ಬಿಸಿಲು ಕಾಣುವುದಿಲ್ಲ, ಹಾಗಾಗಿ ವಿಟಮಿನ್ ಡಿ ಪರೀಕ್ಷೆಯೂ ಆಗಲಿ. ಮೂಳೆ ತೆಳುವಾಗಿದ್ದರೆ ಆರು ತಿಂಗಳಿಗೊಮ್ಮೆ ಕೊಡುವ ಜೋಲೆಡ್ರೋನಿಕ್ ಆಸಿಡ್ ಇಂಜೆಕ್ಷನ್ ಇದೆ. ಅದಕ್ಕೆ ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿಕೊಳ್ಳಬೇಕು.

ಇನ್ನೊಂದು ವಿಷಯ. ಯೋನಿಯಲ್ಲಿ ಒಣಗುವಿಕೆ, ಉರಿ ಇದ್ದರೆ ಹೆಂಗಸರು ಸಂಕೋಚದಿಂದ ಬಾಯಿ ಬಿಡುವುದಿಲ್ಲ. ಹಾರ್ಮೋನ್ ಇಲ್ಲದ ಜೆಲ್‌ಗಳಿವೆ, ಕೇಳಿ ಪಡೆಯಿರಿ. ಡಾಕ್ಟರು ಹೇಳದೆ ಈಸ್ಟ್ರೋಜೆನ್ ಕ್ರೀಮ್ ಬಳಸಬೇಡಿ.

ಉತ್ತರ 3 – ಪೊನ್ನಂಪೇಟೆಯಿಂದ

ನಮ್ಮ ಅಮ್ಮನಿಗೆ ಟಾಮೋಕ್ಸಿಫೆನ್ ಎಂಬ ಬೇರೆ ಬಗೆಯ ಹಾರ್ಮೋನ್ ಮಾತ್ರೆ ಹತ್ತು ವರ್ಷಕ್ಕೆ ಹೇಳಿದ್ದಾರೆ. ಆ ಮಾತ್ರೆಯಲ್ಲಿರುವವರಿಗೆ ಎಚ್ಚರಿಕೆ ಬೇರೆ: ಮುಟ್ಟು ನಿಂತ ಮೇಲೆ ರಕ್ತ ಕಾಣಿಸಿದರೆ, ಒಂದು ಕಾಲು ಊದಿಕೊಂಡರೆ ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಖಿನ್ನತೆಗೆ ಕೊಡುವ ಪ್ಯಾರೋಕ್ಸಿಟಿನ್, ಫ್ಲುಯಾಕ್ಸಿಟಿನ್ ಮಾತ್ರೆಗಳು ಟಾಮೋಕ್ಸಿಫೆನ್ ಕೆಲಸಕ್ಕೆ ಅಡ್ಡಿಯಾಗುತ್ತವೆ, ಹಾಗಾಗಿ ಬೇರೆ ಡಾಕ್ಟರ ಬಳಿ ಹೋದಾಗಲೂ ಮಾತ್ರೆಯ ಪಟ್ಟಿ ತೋರಿಸಿ. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗುವುದರಿಂದ ನಾವು ಮೇ ತಿಂಗಳಲ್ಲೇ ಹೆಚ್ಚಿನ ಸ್ಟ್ರಿಪ್‌ಗಳನ್ನು ತಂದಿಟ್ಟುಕೊಳ್ಳುತ್ತೇವೆ. ತೇವ ತಾಗದಂತೆ ಡಬ್ಬಿಯಲ್ಲಿಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ನೋವಿನ ವಿಷಯವನ್ನು ನಾನು ಡಾಕ್ಟರಿಗೆ ಇಷ್ಟು ಬಿಡಿಸಿ ಹೇಳಿರಲಿಲ್ಲ, ಸ್ವಲ್ಪ ನೋವಿದೆ ಎಂದಷ್ಟೇ ಹೇಳುತ್ತಿದ್ದೆ. ಡೆಕ್ಸಾ ಒಮ್ಮೆ ಆರಂಭದಲ್ಲಿ ಆಗಿದ್ದು ಬಿಟ್ಟರೆ ಮತ್ತೆ ಆಗಿಲ್ಲ. ಈ ಸಲ ಅದನ್ನು ಮೊದಲು ಮಾಡಿಸಿ, ಏಳು ವರ್ಷ ಸಾಕೇ, ಮಾತ್ರೆ ಬದಲಾಯಿಸಬಹುದೇ ಎಂಬ ಎರಡೂ ಪ್ರಶ್ನೆಗಳನ್ನು ಬರೆದುಕೊಂಡು ಹೋಗುತ್ತೇನೆ. ವಿರಾಜಪೇಟೆಯ ತಂಗಿ, ಎಕ್ಸೆಮೆಸ್ಟೇನ್ ಶುರು ಮಾಡಿದ ಎಷ್ಟು ಕಾಲಕ್ಕೆ ನಿಮಗೆ ಬೆರಳಿನ ಬಿಗಿತ ಕಡಿಮೆಯಾಯಿತು ಎಂದು ತಿಳಿಸಿದರೆ ಉಪಕಾರವಾಗುತ್ತದೆ.