ತುಕ್ಕು ಹಿಡಿಯುವುದು, ತುಕ್ಕು ತಿನ್ನುವುದು: ನೆಲದಡಿಯ ಗ್ಯಾಸ್ ಪೈಪಿಗೆ ಯಾವ ಪದ?

ಗೆಳೆಯರೇ, ಒಂದೆರಡು ಪದ ಬೇಕಾಗಿದೆ. ಮಣ್ಣಿನಡಿ ಹೂತಿರುವ ಗ್ಯಾಸ್ ಪೈಪಿಗೆ ತುಕ್ಕು ಬಂದಿದೆಯಾ ಅಂತ ಅಗೆಯದೆ ಹೇಗೆ ನೋಡುತ್ತಾರೆ ಎಂಬುದರ ಬಗ್ಗೆ ಊರಿನ ವಾಚನಾಲಯಕ್ಕೆ ಎರಡು ಪುಟ ಬರೆಯುತ್ತಿದ್ದೇನೆ. ಕೊಚ್ಚಿಯಿಂದ ಮಂಗಳೂರಿಗೆ ಹೋಗುವ ಸುಮಾರು 450 ಕಿ.ಮೀ. ಉದ್ದದ, ಗೇಲ್ ಎಂಬ ಗ್ಯಾಸ್ ಕಂಪನಿಯ ಪೈಪ್‌ಲೈನ್ ನಮ್ಮ ಕಾಸರಗೋಡು ಜಿಲ್ಲೆಯನ್ನು ಹಾದೇ ಹೋಗುತ್ತದೆ. 2021ರ ಜನವರಿಯಲ್ಲಿ ಅದರ ಉದ್ಘಾಟನೆ ಆಯಿತು. ಇದರ ಬಗ್ಗೆ ಮಲಯಾಳದಲ್ಲಿ ಬೇಕಾದಷ್ಟು ಓದಲು ಸಿಗುತ್ತದೆ, ಕನ್ನಡದಲ್ಲಿ ಕಡಿಮೆ.

ಮೊದಲ ತಕರಾರು ‘ಸಂಕ್ಷಾರಣ’ದ್ದು, ಅಂದರೆ ಯಾವುದೇ ಲೋಹ ಹೀಗೆ ಕೆಡುವುದಕ್ಕೆ (ಇಂಗ್ಲಿಷಿನ ‘ಕೊರೋಷನ್’) ಇರುವ ಪದದ್ದು. ಕೆಮಿಸ್ಟ್ರಿ ಮಾಷ್ಟ್ರೊಬ್ಬರು ಅದನ್ನೇ ಹಾಕಿ ಅನ್ನುತ್ತಾರೆ. ತುಕ್ಕು ಅಂದರೆ ಕಬ್ಬಿಣದ್ದು ಮಾತ್ರ, ತಾಮ್ರ ಹಿತ್ತಾಳೆಗೆ ಬರುವುದು ಕಿಲುಬು, ಎರಡನ್ನೂ ಒಳಗೊಳ್ಳುವ ಪದ ಬೇಡವೇ ಎಂಬುದು ಅವರ ವಾದ. ವಾದ ಸರಿಯೇ. ಆದರೆ ಪೈಪು ಉಕ್ಕಿನದು, ಓದುವವರು ಅಡಿಕೆ ತೋಟದವರು. ಇಲ್ಲಿ ತುಕ್ಕು ಸಾಕು, ಅಲ್ವಾ?

ಸಾಕು ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ನಾವು ‘ತುಕ್ಕು ಹಿಡಿದಿದೆ’ ಅನ್ನುತ್ತೇವೆ, ‘ತುಕ್ಕು ತಿಂದಿದೆ’ ಅಂತಲೂ ಅನ್ನುತ್ತೇವೆ. ಗೇಟಿನ ಸರಳು ಕೆಂಪಗಾದರೆ ಹಿಡಿದದ್ದು. ಅದೇ ಸರಳು ನಡುವೆ ಸಣ್ಣಗಾಗಿ ಮುರಿಯುವ ಹಾಗಾದರೆ ತಿಂದದ್ದು. ಪೈಪ್ ಪರೀಕ್ಷೆಯವರಿಗೂ ಬೇಕಾದ ವ್ಯತ್ಯಾಸ ಇದೇ. ಗೋಡೆಯ ದಪ್ಪ ಎಷ್ಟು ಉಳಿದಿದೆ ಎಂಬುದೇ ಅವರ ಪ್ರಶ್ನೆ. ‘ಸಂಕ್ಷಾರಣ’ ಹಾಕಿದರೆ ಈ ಸೊಗಸಾದ ಜೋಡಿಯನ್ನು ಕಳೆದುಕೊಳ್ಳುತ್ತೇವೆ.

ಪೈಪಿನ ಮೇಲೆ ಪ್ಲಾಸ್ಟಿಕ್ ಪದರ ಇರುತ್ತದೆ. ಅದು ಎಲ್ಲಾದರೂ ತೂತಾಗಿದ್ದರೆ, ತೆಳುವಾಗಿದ್ದರೆ ಅದಕ್ಕೆ ಇಂಜಿನಿಯರುಗಳು ‘ಹಾಲಿಡೇ’ ಅನ್ನುತ್ತಾರೆ. ‘ರಜೆ’ ಅಂತ ಬರೆದರೆ ನಗೆಪಾಟಲು. ನನ್ನ ಸೂಚನೆ ‘ಕಲಾಯಿ ಬಿಟ್ಟ ಜಾಗ’. ಹಳೆಯ ಹಿತ್ತಾಳೆ ಪಾತ್ರೆಯಲ್ಲಿ ಕಲಾಯಿ ಹೋದಲ್ಲೇ ಕಿಲುಬು ಏಳುವುದು ಎಲ್ಲರಿಗೂ ಗೊತ್ತು. ಪೈಪಿನಲ್ಲೂ ಪದರ ಬಿಟ್ಟಲ್ಲೇ ತುಕ್ಕಿಗೆ ದಾರಿ. ಪೈಪಿಗೆ ಹಾಕಿದ್ದು ಕಲಾಯಿ ಅಲ್ಲವಲ್ಲ ಅಂತ ಯಾರಾದರೂ ಕೇಳಬಹುದು. ಹಾಗಾದರೆ ‘ಪದರ ಬಿಟ್ಟ ಜಾಗ’ ಅಂತಲೇ ಇಡೋಣವೇ? ನನಗೇನೋ ಕಲಾಯಿಯ ಕಡೆಗೇ ಮನಸ್ಸು.

ಇಂಥ ಜಾಗವನ್ನು ಹುಡುಕುವ ರೀತಿ ಚೆನ್ನಾಗಿದೆ. ಪೈಪಿಗೆ ತುಕ್ಕು ಹಿಡಿಯದಿರಲಿ ಅಂತ ಮಣ್ಣಿನ ಮೂಲಕ ಸಣ್ಣ ಡಿಸಿ ಕರೆಂಟ್ ಹರಿಸಿರುತ್ತಾರೆ. ಪರೀಕ್ಷೆಯ ಹೊತ್ತಿಗೆ ಅದನ್ನು ತಾಳ ಹಾಕಿದ ಹಾಗೆ ಆನ್ ಆಫ್ ಮಾಡುತ್ತಾರೆ. ಒಬ್ಬರು ಕೈಯಲ್ಲಿ ಎರಡು ಕೋಲು ಹಿಡಿದು ಪೈಪಿನ ಮೇಲೆಯೇ ನಡೆಯುತ್ತಾರೆ, ಎದೆಯ ಮೇಲೆ ಒಂದು ಮೀಟರ್ ತೂಗುತ್ತಿರುತ್ತದೆ. ಕೋಲುಗಳನ್ನು ಮಣ್ಣಿಗೆ ತಾಗಿಸಿದಾಗ, ಪದರ ಬಿಟ್ಟ ಜಾಗ ಯಾವ ಕಡೆ ಇದೆಯೋ ಆ ಕಡೆಗೆ ಮುಳ್ಳು ಹಾರುತ್ತದೆ. ಅದನ್ನು ದಾಟಿದರೆ ಹಿಂದಕ್ಕೆ ಹಾರುತ್ತದೆ. ಎರಡು ಕೋಲಿನ ಸರಿ ಮಧ್ಯಕ್ಕೆ ಬಂದಾಗ ಸುಮ್ನೆ ನಿಲ್ಲುತ್ತದೆ. ಅಗೆಯಬೇಕಾದ್ದು ಅಲ್ಲೇ. ಬೇಸಿಗೆಯಲ್ಲಿ ನಮ್ಮ ಮುರಕಲ್ಲಿನ ಮಣ್ಣು ಒಣಗಿ ಕಲ್ಲಾಗಿರುವಾಗ ಕೋಲಿನ ತುದಿಗೆ ಒಂದಿಷ್ಟು ನೀರು ಹೊಯ್ಯಬೇಕು.

ಆ ಕೋಲಿನೊಳಗೆ ಇರುವುದು ಏನು ಗೊತ್ತೇ? ತಾಮ್ರದ ಕಡ್ಡಿ, ಸುತ್ತ ಮೈಲುತುತ್ತಿನ ನೀರು. ಕೊಳೆರೋಗಕ್ಕೆ ಸುಣ್ಣದ ಜೊತೆ ಕಲಸಿ ಅಡಿಕೆಗೆ ಹೊಡೆಯುವ ಅದೇ ಮೈಲುತುತ್ತು. ಪೈಪಿಗೂ ಮಣ್ಣಿಗೂ ನಡುವಿನ ವೋಲ್ಟೇಜನ್ನು ಅಳೆಯುವುದೂ ಇದೇ ದ್ರಾವಣಕ್ಕೆ ಹೋಲಿಸಿ. ಅದು ಮೈನಸ್ 0.85 ವೋಲ್ಟ್ ಅಥವಾ ಇನ್ನೂ ಕೆಳಗೆ ಇದ್ದರೆ ಪೈಪ್ ಸುರಕ್ಷಿತ ಎಂಬುದು ರೂಢಿಯ ಲೆಕ್ಕ. ‘ತಾಮ್ರದ ಸಲ್ಫೇಟ್ ಅರ್ಧಕೋಶ’ ಅಂತ ಬರೆದರೆ ಅಲ್ಲಿಗೇ ಪುಟ ಮಗುಚುತ್ತಾರೆ. ‘ಮೈಲುತುತ್ತು ಕೋಲು’ ಅಂತಲೇ ಬರೆದಿದ್ದೇನೆ. ಇದನ್ನು ಮಾತ್ರ ಯಾರು ಹೇಳಿದರೂ ಬದಲಾಯಿಸುವುದಿಲ್ಲ.

ಕೋಲಿನ ನಡಿಗೆಗೆ ಪದರದ ತೂತು ಸಿಗುತ್ತದೆ, ಉಕ್ಕನ್ನು ಎಷ್ಟು ತಿಂದಿದೆ ಅನ್ನುವುದು ಸಿಗುವುದಿಲ್ಲ. ಅದಕ್ಕೆ ಪೈಪಿನ ಒಳಗೆ ಯಂತ್ರ ಬಿಡುತ್ತಾರೆ. ಗ್ಯಾಸೇ ಅದನ್ನು ತಳ್ಳಿಕೊಂಡು ಹೋಗುತ್ತದೆ. ಅದರ ಆಯಸ್ಕಾಂತಗಳು ಪೈಪಿನ ಗೋಡೆಯನ್ನು ಕಾಂತೀಯಗೊಳಿಸುತ್ತವೆ, ಗೋಡೆ ತೆಳುವಾದಲ್ಲಿ ಕಾಂತಬಲ ಹೊರಗೆ ಸೋರುತ್ತದೆ, ಸೆನ್ಸರುಗಳು ಅದನ್ನು ಗುರುತು ಹಾಕಿಕೊಳ್ಳುತ್ತವೆ. ಇದರ ಹೆಸರು ‘ಪಿಗ್’. ‘ಹಂದಿ’ ಅಂದರೆ ನಮ್ಮ ಕಡೆ ರಾತ್ರಿ ಮರಗೆಣಸು ಅಗೆಯುವುದು ಅಂತಲೇ ಓದಿಕೊಳ್ಳುತ್ತಾರೆ. ಹಾಗಾಗಿ ಪಿಗ್ ಪಿಗ್ಗಾಗಿಯೇ ಇರಲಿ.

ಈಗ ನಿಜವಾಗಿ ಸಿಕ್ಕಿಬಿದ್ದಿರುವ ಜಾಗ. ಗದ್ದೆಯ ಹಾಗೆ ನೀರು ನಿಲ್ಲುವ, ಗಾಳಿಯಾಡದ ಅಂಟುಮಣ್ಣಿನಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಇರುತ್ತವೆ. ಸಡಿಲಾದ ಪದರದ ಅಡಿಯಲ್ಲಿ ಅವು ಸೇರಿಕೊಂಡರೆ ಉಕ್ಕು ಗುಳಿಗುಳಿಯಾಗುತ್ತದೆ. ಮೇಲೆ ಕೂರುವುದು ಕೆಂಪು ಪುಡಿಯಲ್ಲ, ಕಪ್ಪು ಮಸಿ. ಅದಕ್ಕೆ ಆಸಿಡ್ ಹನಿಸಿದರೆ ಕೊಳೆತ ಮೊಟ್ಟೆಯ ವಾಸನೆ. ಇದನ್ನು ತುಕ್ಕು ಅನ್ನಬಹುದೇ? ‘ಕರಿತುಕ್ಕು’ ಅಂತ ಬರೆದು ನೋಡಿದೆ, ಬಾಯಿಗೇನೋ ಒಗ್ಗುತ್ತದೆ. ಆದರೆ ಕಮ್ಮಾರರು ಬೇರೆ ಯಾವುದಕ್ಕಾದರೂ ಆ ಹೆಸರು ಇಟ್ಟಿದ್ದರೆ ಗೊಂದಲ. ಬಾವಿಯ ಹಳೆಯ ಪಂಪು, ದೋಣಿಯ ಮೊಳೆ, ಕೆಸರಿನಿಂದ ತೆಗೆದ ನೇಗಿಲ ಕುಳ, ಇವುಗಳ ಮೇಲೆ ಇಂಥ ಕಪ್ಪು ಕಂಡಾಗ ನಿಮ್ಮ ಮನೆಯ ಹಿರಿಯರು ಏನನ್ನುತ್ತಿದ್ದರು? ಕುಂಬಳೆ, ಮಂಜೇಶ್ವರ, ಬದಿಯಡ್ಕದ ಕಡೆಯವರು ಹೇಳಿದರೆ ನನಗೆ ಇನ್ನೂ ಖುಷಿ.