ಓದುಗರ ಸ್ಪಂದನ: ಅಕ್ಕನ ಮಗನಿಗೆ ಬೀಗದ ಕೈ ಕೊಡಲೇ?

ದಾವಣಗೆರೆ ನಿಟುವಳ್ಳಿಯ ಓದುಗರೊಬ್ಬರು ಕಳೆದ ಸಲ ಕೇಳಿದ್ದರು: ಬೈಕ್ ಕದ್ದ ಕೇಸಿನಲ್ಲಿ ಎಂಟು ತಿಂಗಳು ಬಾಲಾಪರಾಧಿಗಳ ಹೋಮ್‌ನಲ್ಲಿದ್ದ ಅಕ್ಕನ ಮಗ ವಾಪಸ್ ಬಂದಿದ್ದಾನೆ. ಈಗ 18 ತುಂಬಿದೆ. ನನ್ನ ಬೈಕ್ ಗ್ಯಾರೇಜಿಗೆ ಸೇರಿಸಿಕೊಂಡು ಬೀಗದ ಕೈ ಕೊಡಲಾ? ಹೆಂಡತಿ ಬೇಡ ಅಂತಾಳೆ.

ಕದ್ದವನು ಕದ್ದವನೇ. ನನ್ನ ಬೈಕ್ ಇನ್ನೂ ಸಿಕ್ಕಿಲ್ಲ, ಕಂತು ಮಾತ್ರ ಕಟ್ಟುತ್ತಲೇ ಇದ್ದೇನೆ.
– ವಿನೋಬನಗರದ ಓದುಗ

ಇವರ ಸಿಟ್ಟು ನಮಗೆ ಅರ್ಥವಾಗುತ್ತದೆ. ಚಳ್ಳಕೆರೆಯ ಈ ಪತ್ರವನ್ನೂ ಓದಿ.

ಅಣ್ಣಾ, ನನ್ನ ತಮ್ಮನೂ ಹೀಗೇ ಬಂದಿದ್ದ. ಮನೆಯಲ್ಲಿ ಹತ್ತು ರೂಪಾಯಿ ಕಾಣದಿದ್ದರೂ ಎಲ್ಲರೂ ಅವನ ಮುಖ ನೋಡುತ್ತಿದ್ದೆವು. ಅವನು ಏನೂ ಅನ್ನುತ್ತಿರಲಿಲ್ಲ, ತಟ್ಟೆ ತೊಳೆದಿಟ್ಟು ಹಟ್ಟಿಗೆ ಹೋಗಿ ಕೂರುತ್ತಿದ್ದ. ಒಂದಿನ ಅವ್ವನ ಓಲೆ ಕಾಣೆಯಾಯಿತು. ಅಪ್ಪ ಬಾಯಿ ಬಿಚ್ಚಲಿಲ್ಲ. ಅವನ ಚೀಲ ಜಾಲಾಡಿದವಳು ನಾನು. ಮಾರನೇ ದಿನ ಓಲೆ ರಾಗಿ ಡಬ್ಬಿಯಲ್ಲಿ ಸಿಕ್ಕಿತು. ಅಷ್ಟರಲ್ಲಿ ಅವನು ರಾತ್ರಿ ಬಸ್ ಹತ್ತಿಯಾಗಿತ್ತು. ಹನ್ನೊಂದು ವರ್ಷ ಆಯ್ತು. ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಹೋದರೆ ನಾನು ದೇವಿಯನ್ನು ನೋಡೋದಿಲ್ಲ, ಜನರ ಮುಖ ನೋಡುತ್ತೇನೆ. ನಿಮ್ಮ ಹೆಂಡತಿಯನ್ನು ಬೈಯೋಕೆ ನನಗೆ ಬಾಯಿಲ್ಲ.

ಗ್ಯಾರೇಜು ಬೇಡ. ಎಸ್ಸೆಸ್ಸೆಲ್ಸಿ ಕಟ್ಟಿಸಿ, ಐಟಿಐಗೆ ಸೇರಿಸಿ. ಮೊದಲು ಮೊಬೈಲ್ ಕಿತ್ಕೊಳ್ಳಿ.
– ನಿವೃತ್ತ ಮೇಷ್ಟ್ರು, ಹರಿಹರ

ಮೊಬೈಲ್ ವಿಷಯ ಯಾರೂ ಕೇಳಿರಲಿಲ್ಲ, ಇರಲಿ. ಚಿತ್ರದುರ್ಗದ ವಕೀಲೆಯೊಬ್ಬರು ಹೀಗೆ ಬರೆದಿದ್ದಾರೆ:

ಬಾಲ ನ್ಯಾಯ ಕಾಯ್ದೆ 2015ರ 24ನೇ ಕಲಂ ಪ್ರಕಾರ ಇಂಥ ಹಳೇ ಪ್ರಕರಣ ಹುಡುಗನ ಮುಂದಿನ ಕೆಲಸಕ್ಕೆ ಅಡ್ಡ ಬರುವಂತಿಲ್ಲ. ಮೇಲ್ಮನವಿಯ ಅವಧಿ ಮುಗಿದ ಮೇಲೆ ದಾಖಲೆಯನ್ನೇ ನಾಶ ಮಾಡಬೇಕು. ಘೋರ ಅಪರಾಧಗಳ ಲೆಕ್ಕ ಬೇರೆ, ಬೈಕ್ ಕಳ್ಳತನ ಅದರಲ್ಲಿ ಬರೋದಿಲ್ಲ. 18 ತುಂಬಿ ಹೋಮ್‌ನಿಂದ ಹೊರಬಂದವರಿಗೆ ಹಣದ ನೆರವು ಕೊಡಲೂ ಅವಕಾಶವಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ. ಇನ್ನೊಂದು, ಅವನ ಹೆಸರು ಬಹಿರಂಗ ಮಾಡುವಂತಿಲ್ಲ.

ಮೂಲ ಪತ್ರದಲ್ಲಿದ್ದ ಹೆಸರನ್ನು ನಾವು ತೆಗೆದದ್ದು ಅದಕ್ಕೇ. ಕೊನೆಯದು, ಗ್ಯಾರೇಜ್ ಕಸುಬಿನವರದೇ.

ಬೀಗದ ಕೈ ಯಾಕೆ ಈಗಲೇ? ನಮ್ಮ ಗ್ಯಾರೇಜಿನಲ್ಲಿ ಹೊಸಬರಿಗೆ ಆರು ತಿಂಗಳು ಬರೀ ಪಂಕ್ಚರ್, ಆಯಿಲ್ ಬದಲಾಯಿಸೋದು. ನನ್ನ ಸ್ವಂತ ಮಗನಿಗೂ ಬೀಗದ ಕೈ ಕೊಟ್ಟಿರಲಿಲ್ಲ. ಎಲ್ಲರಿಗೂ ಒಂದೇ ಅಂದರೆ ಅವನಿಗೂ ಚುಚ್ಚಲ್ಲ, ಅಲ್ವಾ? ಸಂಬಳ ವಾರಕ್ಕೊಮ್ಮೆ ಕೊಡಿ, ಅವನ ಕೈಗೇ ಕೊಡಿ. ಸಂಜೆ ಮಂಡಕ್ಕಿ-ಮೆಣಸಿನಕಾಯಿ ತಿನ್ನೋಕೆ ಮಾತ್ರ ನೀವೇ ಕರ್ಕೊಂಡು ಹೋಗಿ. ಹಳೇ ಗೆಳೆಯರು ಸಿಗೋದು ಅಲ್ಲೇ.
– ಮೆಕ್ಯಾನಿಕ್, ದಾವಣಗೆರೆ